ಮೂರನೇ ಸಾಲಿನ ಫ್ಯಾನು

ಹರ್ಷದಾ ಏಣಿಯ ಮೇಲೆ ನಿಂತು ಫ್ಯಾನಿನ ಮುಚ್ಚಳ ಬಿಚ್ಚುತ್ತಿದ್ದಳು. ಕೆಳಗೆ ಪಾಠ ನಡೆದೇ ಇತ್ತು. ಫ್ಯಾನು ಕೆಟ್ಟಿತೆಂದು ತರಗತಿ ನಿಲ್ಲಿಸುವ ಪದ್ಧತಿ ಧನಕವಡಿಯ ಆ ಪಾಲಿಟೆಕ್ನಿಕ್‌ನಲ್ಲಿ ಇರಲಿಲ್ಲ. ಕಾಲೇಜಿನ ವೈರಿಂಗ್ ಗುತ್ತಿಗೆ ಹಿಡಿದಿದ್ದ ಸೋದರಮಾವ ಸಂಕಪ್ಪ ಏಣಿ ಹಿಡಿದುಕೊಂಡು ಆಕಳಿಸುತ್ತಿದ್ದ.

ಹರ್ಷದಾ ಈ ವರ್ಷವೇ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಪಾಸಾಗಿದ್ದಳು. ಬೇಕೆಂದರೆ ಇದೇ ಕಾಲೇಜಿನಲ್ಲಿ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದಿತ್ತು. ಪ್ರವೇಶಕ್ಕೆ ಶನಿವಾರವೇ ಕೊನೆ. ಆದರೆ ಸೋಮವಾರದಿಂದ ವಿಮಾನ ನಗರದ ಮಾಲ್ ಒಂದರಲ್ಲಿ ಕಾಯಂ ಕೆಲಸ ಎಂದು ಮಾವನೇ ಓಡಾಡಿ ಗೊತ್ತು ಮಾಡಿಟ್ಟಿದ್ದ. ಮನೆಯವರಿಗೆಲ್ಲ ಹಿಗ್ಗೋ ಹಿಗ್ಗು. ಓದಿನ ಮಾತು ಎತ್ತಿದರೆ ಅಪ್ಪ, "ಕೈಯಾಗ ಕೆಲಸ ಬಂತಲ್ಲ, ಇನ್ನ ಓದೂದು ಯಾಕ?" ಎಂದು ನಕ್ಕುಬಿಡುತ್ತಿದ್ದ. ಸಿಟ್ಟಾಗಿದ್ದರೆ ಎದುರಾಡಬಹುದಿತ್ತು. ಅಷ್ಟು ಪ್ರೀತಿಯಿಂದ ನಗುವವನ ಜೊತೆ ಜಗಳವಾಡುವುದು ಹೇಗೆ?

"ಎಲ್ಲರೂ ಮೇಲೆ ನೋಡಿ," ಎಂದರು ಮೇಡಂ ಮರಾಠಿಯಲ್ಲಿ, ಸೀಮೆಸುಣ್ಣ ಎತ್ತಿ ತೋರಿಸುತ್ತ. "ಈ ಫ್ಯಾನು ಬರೀ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಕೋಲಿನಿಂದ ತಳ್ಳಿದರೆ ತಿರುಗುತ್ತದೆ. ಎಡಕ್ಕೆ ತಳ್ಳಿದರೆ ಎಡಕ್ಕೆ, ಬಲಕ್ಕೆ ತಳ್ಳಿದರೆ ಬಲಕ್ಕೆ. ಯಾಕೆ?"

ಹರ್ಷದಾಳ ಕೈ ನಿಂತಿತು. ಕೆಪಾಸಿಟರ್ ಬದಲಿಸಿದರೆ ಫ್ಯಾನು ತಿರುಗುತ್ತದೆ ಎಂಬುದು ಅವಳಿಗೆ ನಿದ್ದೆಗಣ್ಣಿನಲ್ಲೂ ಗೊತ್ತು. ಯಾಕೆ ಎಂದು ಐಟಿಐಯಲ್ಲಿ ಒಮ್ಮೆ ಕೇಳಿದ್ದಳು. "ಅದು ಡಿಪ್ಲೊಮಾದವರು ಕೇಳುವ ಪ್ರಶ್ನೆ, ನೀನು ತಂತಿ ಜೋಡಿಸು," ಎಂದಿದ್ದರು ಸರ್. ಜೋಡಿಸಿದ್ದಳು. ಅಂದಿನಿಂದ ಅವಳಿಗೆ ಆ ಒಂದು ಉತ್ತರದ ಹಸಿವು.

ಮೇಡಂ ಹಲಗೆಯ ಮೇಲೆ ಎರಡು ಸುರುಳಿ ಬರೆದರು. ಒಂದೇ ಸುರುಳಿಯಿದ್ದರೆ ಮೋಟರಿಗೆ ಯಾವ ಕಡೆ ತಿರುಗಬೇಕೆಂದು ತೋಚುವುದಿಲ್ಲ, ಅದಕ್ಕೇ ಇನ್ನೊಂದು ಬೇಕು ಎಂದರು. ಹರ್ಷದಾ ಉಸಿರು ಬಿಗಿಹಿಡಿದು ಕೇಳಿದಳು. ಹಿಂದಿನ ಬೆಂಚಿನಲ್ಲಿ ಒಬ್ಬ ತೋಳಿಗೆ ತಲೆಯಾನಿಸಿ ಸುಖವಾಗಿ ನಿದ್ದೆ ಹೊಡೆಯುತ್ತಿದ್ದ. ಅವನನ್ನು ಎಬ್ಬಿಸಿ ಏಣಿ ಹತ್ತಿಸಿ, ತಾನು ಹೋಗಿ ಅಲ್ಲಿ ಕೂರಬೇಕು ಎನ್ನಿಸಿತು. ಎಷ್ಟು ಎನ್ನಿಸಿತೆಂದರೆ, ಅವಳ ಕಣ್ಣು ತುಂಬಿಬಂತು.

"ಆತೇನವಾ?" ಸಂಕಪ್ಪ ಪಿಸುಗುಟ್ಟಿದ.

"ಇಲ್ಲ ಮಾಮಾ. ಸ್ಕ್ರೂ ಜಂಗ ಹಿಡದದ."

"ಬ್ಯಾರೆ ದಿನ ಚಾ ಆರೂದ್ರಾಗ ಮುಗಸ್ತಿದ್ದಿ. ಇವತ್ತ ಏನಾತು?"

ಮೇಡಂ ಎರಡನೇ ಸುರುಳಿಯ ಪಕ್ಕದಲ್ಲಿ ಕೆಪಾಸಿಟರ್ ಬರೆದು, "ಈಗ ಇದು ಮಾಡುವ ಕೆಲಸವೇನೆಂದರೆ," ಎನ್ನುವಷ್ಟರಲ್ಲಿ ಗಂಟೆ ಹೊಡೆಯಿತು. "ಉಳಿದದ್ದು ನಾಳೆ," ಎಂದು ಅವರು ಕೈಯ ಧೂಳು ಕೊಡವಿಕೊಂಡರು. ನಿದ್ದೆಯ ಹುಡುಗನೇ ಎಲ್ಲರಿಗಿಂತ ಮೊದಲು ಬಾಗಿಲು ದಾಟಿದ.

ತರಗತಿ ಖಾಲಿಯಾಯಿತು. ಹರ್ಷದಾ ಹೊಸ ಕೆಪಾಸಿಟರನ್ನು ಜೇಬಿಗೆ ಹಾಕಿಕೊಂಡು, ಬಿಚ್ಚಿದ್ದ ಹಳೆಯದನ್ನೇ ತಿರುಗಿ ಜೋಡಿಸಿದಳು. ಮಾಡಿದ ಕೆಲಸದಲ್ಲಿ ಇದುವರೆಗೆ ಯಾರಿಂದಲೂ ಬೊಟ್ಟು ಮಾಡಿಸಿಕೊಂಡವಳಲ್ಲ. ಆದರೂ ಮುಚ್ಚಳ ಹಾಕಿ ಬಿಗಿದಳು.

ಅವಳು ಇಳಿದ ಮೇಲೆ ಸಂಕಪ್ಪ ಸ್ವಿಚ್ ಒತ್ತಿದ. ಫ್ಯಾನು ಗುಂಯ್ ಎಂದಿತೇ ಹೊರತು ತಿರುಗಲಿಲ್ಲ.

"ಹೊಸಾದು ಹಾಕಿದಿ ಹೌದಿಲ್ಲೊ?"

"ಅದೂ ಕೆಟ್ಟದ್ದ ಬಂದದ ಮಾಮಾ," ಎಂದಳು ಅವಳು, ಮುಖ ತಿರುಗಿಸಿ. "ನಾಳೆ ಬ್ಯಾರೆ ತಂದು ಹಾಕೂಣು. ಇದ ಹೊತ್ತಿಗೆ ಬರೂಣು."

ಸಂಕಪ್ಪ ಅವಳ ಉಬ್ಬಿದ ಜೇಬು ನೋಡಿದ. ಹಲಗೆಯ ಮೇಲೆ ಅರ್ಧಕ್ಕೆ ನಿಂತ ಚಿತ್ರ ನೋಡಿದ. ಬಹಳ ಹೊತ್ತು ಅಲ್ಲೇ ನೋಡಿದ. ಮಾಲಿನವರ ಕೈಕಾಲು ಹಿಡಿದು ಕೆಲಸ ಗೊತ್ತು ಮಾಡಿದವನು ಅವನೇ. ಕೊನೆಗೆ ಸ್ವಿಚ್ ಆರಿಸಿ ಮೆಲ್ಲಗೆ ಕೇಳಿದ:

"ನಾಳೆಗೆ ಈ ಫ್ಯಾನು ಆತು. ನಾಡದಕ್ಕ ಯಾವುದು ಕೆಡಸ್ತೀಯವಾ?"