ಆಯಸ್ಸು ಮುಗಿದ ಫೋಟೊ

ಹೊಸ ತಿಂಗಳು ಹುಟ್ಟಿದರೂ ಆಫೀಸಿನ ವೆಬ್‌ಪುಟದಲ್ಲಿ ‘ತಿಂಗಳ ತಾರೆ’ಯಾಗಿ ಸಹೋದ್ಯೋಗಿ ಸಿಂಚನಾಳೇ ನಗುತ್ತಿದ್ದಳು. ಈ ಸಲವೂ ಇವಳೇನಾ! ಮಂದಾಕಿನಿಯ ಹೊಟ್ಟೆ ಭಗಭಗ ಉರಿಯಿತು. ಗಳಿಗೆಗೊಮ್ಮೆ ಆ ಪುಟ ತೆರೆಯುವಳು, ಆ ಮುಖ ನೋಡುವಳು, ಹಲ್ಲು ಕಡಿಯುವಳು. ಕೊನೆಗೆ ತಡೆಯಲಾರದೆ, ‘ಈ ತಿಂಗಳ ಆಯ್ಕೆಯಲ್ಲಿ ಮೋಸ ನಡೆದಿದೆ’ ಎಂದು ಬರೆದು, ಹೆಸರು ಹಾಕದೆ ದೂರುಪೆಟ್ಟಿಗೆಗೆ ಹಾಕಿಬಂದಳು.

ವಾರ ಕಳೆದರೂ ಫೋಟೊ ಕದಲಲಿಲ್ಲ. ಕಂಪ್ಯೂಟರ್ ವಿಭಾಗದ ತಿಪ್ಪೇಸ್ವಾಮಿಯನ್ನು ಕರೆದು ರೇಗಿದಳು.

“ಇವಳನ್ನ ಇನ್ನೂ ಎಷ್ಟು ದಿನ ಮೆರೆಸ್ತೀರಾ?”

“ಮೇಡಂ, ಇದು ನಿಮ್ಮ ಕಂಪ್ಯೂಟರ್ ಒಮ್ಮೆ ನೋಡಿದ ಪುಟಗಳನ್ನ ಎತ್ತಿಟ್ಟುಕೊಳ್ಳೋ ಕ್ಯಾಶ್ ಮೆಮೊರಿಯಲ್ಲಿ ಉಳಿದಿರೋ ಹಳೇ ಫೋಟೊ. ಒಂದು ದಿನ ನೋಡದೆ ಬಿಟ್ರೆ ಸಾಕು, ತಾನಾಗೇ ಅಳಿಸಿಹೋಗುತ್ತೆ. ನೋಡಿದಾಗೆಲ್ಲ ಅದರ ಆಯಸ್ಸು ಹೆಚ್ಚುತ್ತೆ. ಬೇರೆಯವರ ಕಂಪ್ಯೂಟರಿಂದ ಯಾವಾಗ್ಲೋ ಹೋಯ್ತು. ನೀವು ಅಷ್ಟೊಂದು ಸಲ ನೋಡಿದ್ರಾ?”

“ಅವಳ ಮುಖ ನಾನ್ಯಾಕ್ರೀ ನೋಡ್ಲಿ? ಮೊದಲು ತೆಗೀರಿ ಅದನ್ನ!”

ಅವನು ಹಳೆಯದನ್ನು ಅಳಿಸಿ ಪುಟವನ್ನು ಮತ್ತೆ ತೆರೆದ. ಸಿಂಚನಾ ಮಾಯವಾದಳು. ಆ ಜಾಗದಲ್ಲಿ ಮಂದಾಕಿನಿಯದೇ ಫೋಟೊ ಮೂಡಿತು. ಅದರ ಕೆಳಗೆ ಕೆಂಪಕ್ಷರದಲ್ಲಿ ಹೀಗಿತ್ತು: ‘ದೂರು ಬಂದಿರುವುದರಿಂದ ಈ ಆಯ್ಕೆಯನ್ನು ರದ್ದುಪಡಿಸಲಾಗಿದೆ.’