ಜಗಳ ನಾಯಿಗಿಲ್ಲ

ಸಮುದಾಯ ಭವನದಲ್ಲಿ ಮೊದಲ ಉಚಿತ ಲಸಿಕೆ ಶಿಬಿರ. ಪಶುವೈದ್ಯೆ ಸೂಜಿ ಹಿಡಿದು ಕಾದರೂ ಟೈಲರಮ್ಮ ತನ್ನ ನಾಯಿಯನ್ನು ಮುಂದೆ ಬಿಡಲಿಲ್ಲ. ಚುಚ್ಚುಮದ್ದು ಹಾಗಿರಲಿ, ಇವನನ್ನು ಸ್ವಲ್ಪ ದಿನ ಇಟ್ಟುಕೊಳ್ಳುವಿರಾ ಎಂದು ಕೇಳಿದಳು.

ಅವಳ ಹೊಟ್ಟೆಯಲ್ಲಿ ಗಡ್ಡೆ ಬೆಳೆದಿತ್ತು. ಆಪರೇಷನ್ ಇನ್ನೂ ಮುಂದೂಡಿದರೆ ಜೀವಕ್ಕೇ ಕುತ್ತು ಎಂದು ಆಸ್ಪತ್ರೆಯವರು ಹೇಳಿಯಾಗಿತ್ತು. ಆದರೂ ಆಸ್ಪತ್ರೆಗೆ ಹೊರಟವಳು ಪ್ರತಿ ಸಲವೂ ಮನೆ ಬಾಗಿಲಿನಿಂದಲೇ ವಾಪಸಾಗಿದ್ದಳು.

"ಕಣ್ಣು ಕಾಣದ ಮುದಿನಾಯಿ, ಡಾಕ್ಟ್ರಮ್ಮ. ಇವನನ್ನ ಯಾರ ಕೈಗೆ ಕೊಟ್ಟು ಹೋಗ್ಲಿ?"

ಪಶುವೈದ್ಯೆ ಶಿಬಿರಕ್ಕಾಗಿ ತಿಂಗಳುಗಟ್ಟಲೆ ಓಡಾಡಿ ಔಷಧಿ, ಮೇಜು, ಬ್ಯಾನರು ಎಲ್ಲ ಹೊಂದಿಸಿದ್ದಳು. ಇದು ಮಾತ್ರ ಹೊಳೆದಿರಲಿಲ್ಲ. ಅವಳ ಚಿಕಿತ್ಸಾಲಯದ ತುಂಬ ರೋಗದ ಪ್ರಾಣಿಗಳು, ಅಲ್ಲಿಟ್ಟರೆ ಈ ಮುದಿ ಜೀವಕ್ಕೂ ಸೋಂಕು ತಪ್ಪದು. ಸಾಲಿನಲ್ಲಿ ನಿಂತವರನ್ನು ಕೇಳಿದಳು. ಎಲ್ಲರೂ ತಂತಮ್ಮ ಪ್ರಾಣಿಗಳ ಕಿವಿ ಸವರತೊಡಗಿದರು.

ಆಗ ಬೆಕ್ಕಿನ ಬುಟ್ಟಿ ಹಿಡಿದಿದ್ದ ಬೇಕರಿಯಮ್ಮ ಮುಂದೆ ಬಂದಳು. ಅವಳಿಗೂ ಟೈಲರಮ್ಮನಿಗೂ ನಡುಗೋಡೆ ಒಂದೇ, ಆದರೆ ಎಣ್ಣೆ ಸೀಗೆಕಾಯಿ. ಬಟ್ಟೆ ಒಣಹಾಕುವ ಜಾಗದ ಜಗಳದಲ್ಲಿ ಮಾತು ಬಿಟ್ಟವರು ವರ್ಷಗಳಾದರೂ ಆಡಿರಲಿಲ್ಲ.

"ನಾಯಿ ನಮ್ಮನೇಲಿರ್ಲಿ, ಡಾಕ್ಟ್ರೇ," ಎಂದಳು, ಟೈಲರಮ್ಮನ ಕಡೆ ನೋಡದೆ. "ಜಗಳ ಇರೋದು ನಮ್ಮಿಬ್ಬರಿಗೆ. ಅದು ಪಾಪ ಏನು ಮಾಡಿದೆ?"

ಟೈಲರಮ್ಮ ನಾಯಿಯ ಸರಪಳಿಯನ್ನು ಪಶುವೈದ್ಯೆಯ ಕೈಗಿತ್ತಳು. ಪಶುವೈದ್ಯೆ ಅದನ್ನು ಬೇಕರಿಯಮ್ಮನಿಗೆ ದಾಟಿಸಿದಳು.

ಮೊದಮೊದಲು ನಾಯಿ ತುತ್ತು ಮುಟ್ಟಲಿಲ್ಲ. ಕೊನೆಗೊಂದು ಬೆಳಿಗ್ಗೆ ಬೆಕ್ಕಿನ ತಟ್ಟೆಗೇ ಬಾಯಿ ಹಾಕಿತು; ಬೆಕ್ಕು ಮುನಿಸಿಕೊಂಡು ಕಪಾಟು ಹತ್ತಿತು. ಬೇಕರಿಯಮ್ಮ ಇದನ್ನೆಲ್ಲ ಫೋನಿನಲ್ಲಿ ಪಶುವೈದ್ಯೆಗೆ ಹೇಳುವಳು, ಪಶುವೈದ್ಯೆ ಆಸ್ಪತ್ರೆ ಸೇರಿದ್ದ ಟೈಲರಮ್ಮನಿಗೆ ಮುಟ್ಟಿಸುವಳು. ಮುಂದಿನ ಶಿಬಿರದ ಬ್ಯಾನರಿಗೆ ಇನ್ನೊಂದು ಸಾಲು ಸೇರಿತು: 'ನೀವು ಆಸ್ಪತ್ರೆ ಸೇರಬೇಕಾದರೆ ನಿಮ್ಮ ಪ್ರಾಣಿಯನ್ನು ನಾವು ನೋಡಿಕೊಳ್ಳುತ್ತೇವೆ.' 'ನಾವು' ಎಂದು ಬರೆಯುವಷ್ಟು ಜನ ಅಷ್ಟರಲ್ಲಿ ಮುಂದೆ ಬಂದಿದ್ದರು.

ಟೈಲರಮ್ಮ ಮನೆಗೆ ಮರಳಿದ ದಿನ ಪಶುವೈದ್ಯೆಯೂ ಜೊತೆಗಿದ್ದಳು. ಬೇಕರಿಯಮ್ಮ ನಾಯಿಯನ್ನು ಹೊಸ್ತಿಲವರೆಗೆ ತಂದಳು. ಒಡತಿಯ ವಾಸನೆ ಸಿಕ್ಕಿದ್ದೇ ನಾಯಿಯ ಮೈಯೆಲ್ಲ ಬಾಲವಾಯಿತು. ಬೇಕರಿಯಮ್ಮ ಬಗ್ಗಿ, ಎಲ್ಲರಿಗೂ ಕೇಳುವಂತೆ, ಅದರ ಕಿವಿಯಲ್ಲಿ ಹೇಳಿದಳು:

"ಗಾಯ ಮಾಯೋವರೆಗೂ ಒಲೆ ಹಚ್ಚೋದು ಬೇಡ, ಊಟ ನಮ್ಮನೆಯಿಂದ ಬರುತ್ತೆ ಅಂತ ನಿಮ್ಮಮ್ಮನಿಗೆ ಹೇಳು."