ಬಿಡಿಸಲು ಬಂದವಳು

ಟೀವಿಯ ಪರದೆ ಜೇಡರ ಬಲೆಯಂತೆ ಬಿರುಕು ಬಿಟ್ಟಿತ್ತು. ಅದರ ಮುಂದೆ ನಾಲ್ಕು ವರ್ಷದ ಮಗಳು ಸೌಟು ಹಿಡಿದು ನಿಂತಿದ್ದಳು. ಆಗತಾನೇ ಕೆಲಸ ಮುಗಿಸಿ ಬಂದ ತಾಯಿ ಚಪ್ಪಲಿ ಬಿಡುವುದನ್ನೂ ಮರೆತು ಬಾಗಿಲಲ್ಲೇ ನಿಂತಳು.

"ನನ್ನ ಮೇಲೆ ಸಿಟ್ಟಾಗಬೇಡಮ್ಮ," ಎಂದರು ಅತ್ತೆ, ಕೈಯಲ್ಲಿ ಊಟದ ತಟ್ಟೆ ಹಿಡಿದೇ. "ತುತ್ತು ಬಾಯಿಗಿಡಲ್ಲ ಅಂತ ಹಟ ಮಾಡಿದಳು. ಆ ನರಿ-ಬೆಕ್ಕಿನ ಕಾರ್ಟೂನ್ ಹಾಕಿದೆ. ಎರಡು ನಿಮಿಷ ಆಗಿಲ್ಲ, ಅಡುಗೆಮನೆಗೆ ಓಡಿದವಳೇ ಸೌಟು ತಂದು ರಪ್ಪಂತ ಬಾರಿಸಿಬಿಟ್ಟಳು."

"ಅದಕ್ಕೆ ಲಾಕ್ ಹಾಕಿದ್ದೆನಲ್ಲ ಅತ್ತೆ?"

"ಮಗಳು ಹುಟ್ಟಿದ ತಾರೀಕು ಬಿಟ್ಟು ಇನ್ಯಾವ ನಂಬರ್ ಹಾಕ್ತೀಯ ನೀನು? ಇಂಥ ಹೊಡೆದಾಟದ ಕಾರ್ಟೂನನ್ನೆಲ್ಲ ಸರ್ಕಾರವೇ ನಿಲ್ಲಿಸಬೇಕು ನೋಡು."

ಆ ಬೆಕ್ಕಿಗೆ ಮೂರು ವರ್ಷದಿಂದ ದನಿ ಕೊಡುತ್ತಿದ್ದವಳು ಈ ತಾಯಿಯೇ. ಬಾಣಲೆಯ ಏಟಿಗೆ ಒಂದು ಚೀರು, ಬಾಗಿಲ ಸಂದಿಗೆ ಬಾಲ ಸಿಕ್ಕರೆ ಇನ್ನೊಂದು. ಊರ ಮಕ್ಕಳೆಲ್ಲ ಬಿದ್ದು ಬಿದ್ದು ನಗುವ ಆ ಹೊಡೆದಾಟ ತನ್ನ ಮಗುವಿನ ಕಣ್ಣಿಗೆ ಮಾತ್ರ ಬೀಳಬಾರದೆಂದು ಬೀಗ ಹಾಕಿದವಳೂ ಅವಳೇ. ಈಗ ಮಗಳು ಒಂದೇ ಸಲ ನೋಡಿ ಕೈ ಎತ್ತುವುದನ್ನು ಕಲಿತುಬಿಟ್ಟಳೇ?

ಮಂಡಿಯೂರಿ ಮಗಳ ಮುಂದೆ ಕೂತಳು. "ಹೊಡೆಯೋದು ಯಾರು ಹೇಳಿಕೊಟ್ಟರು ಗುಬ್ಬಿ? ಆ ನರೀನಾ?"

ಮಗು ಸೌಟು ಕೆಳಗಿಟ್ಟಿತು. ಎರಡೂ ಕೈಯಿಂದ ಅಮ್ಮನ ತಲೆ ಸವರಿ, ಕೂದಲು ಸರಿಸಿ ಸರಿಸಿ ನೋಡಿತು.

"ಎಲ್ಲಿ ಗಾಯ ಆಯ್ತು?"

"ಯಾರಿಗೆ, ನನಗಾ?"

"ನೀನೇ ಅಲ್ವಾ ಒಳಗಿಂದ ಕೂಗಿದ್ದು? ಅಜ್ಜಿ ನಗ್ತಾ ಇದ್ರು. ಯಾರೂ ಬಿಡಿಸ್ಲೇ ಇಲ್ಲ."

ಅತ್ತೆ ತಟ್ಟೆ ಕೆಳಗಿಟ್ಟು ಸೆರಗು ಬಾಯಿಗೊತ್ತಿಕೊಂಡರು.

ಅವಳು ಮಗಳನ್ನು ಮಡಿಲಿಗೆಳೆದುಕೊಂಡು ಬೆಕ್ಕಿನಂತೆ ಒಮ್ಮೆ ಚೀರಿದಳು, ಕೂಡಲೇ ನಕ್ಕಳು. "ನೋಡಿದ್ಯಾ? ಸುಮ್ಮಸುಮ್ಮನೆ ಕೂಗೋದು. ಅದೇ ಅಮ್ಮನ ಕೆಲಸ. ಯಾರೂ ಹೊಡೆಯಲ್ಲ."

ಪುಟ್ಟ ಅಂಗೈ ಅವಳ ಬಾಯಿ ಮುಚ್ಚಿತು. "ನರಿ ಅಲ್ಲಿಗೂ ಬರತ್ತಾ?"

"ನರಿಯಾಗಿ ಮಾತಾಡೋ ಮಾಮ ಬರ್ತಾರೆ. ತುಂಬಾ ಒಳ್ಳೆಯವರು."

ಮಗು ಹೂಂ ಎಂದಿತು. ನಂಬಿದಂತೆ ಮಾತ್ರ ಕಾಣಲಿಲ್ಲ.

ಮರುದಿನ ಸ್ಟುಡಿಯೋದಲ್ಲಿ ಅವಳ ಸಂಭಾಷಣೆಯ ಹಾಳೆಯಲ್ಲಿ ಬೆಕ್ಕಿಗೆ ಹನ್ನೊಂದು ಏಟುಗಳಿದ್ದವು. ಗಂಟಲು ನೆನೆಸಿಕೊಳ್ಳಲೆಂದು ನೀರಿನ ಬಾಟಲಿಗೆ ಚೀಲದೊಳಗೆ ಕೈ ಹಾಕಿದರೆ, ತಣ್ಣನೆಯ ಉದ್ದನೆಯದೇನೋ ಸಿಕ್ಕಿತು. ಸೌಟು.

"ಇದೇನಮ್ಮ, ಮನೆಯಿಂದ ಆಯುಧ ತಂದಿದ್ದೀಯ?" ನರಿಯ ದನಿಯವರು ನಕ್ಕರು.

ಅವಳು ಅದನ್ನು ಮೈಕಿನ ಪಕ್ಕದಲ್ಲಿ, ಹಾಳೆ ಇಡುವ ಸ್ಟ್ಯಾಂಡಿನ ಮೇಲೆ ಮೆಲ್ಲಗೆ ಒರಗಿಸಿಟ್ಟಳು.

"ಸ್ವಲ್ಪ ನೋಡಿಕೊಂಡು ಹೊಡೀರಿ ಸಾರ್," ಎಂದಳು. "ಇವತ್ತು ನಮ್ಮ ಕಡೆಯವರು ಬಂದಿದ್ದಾರೆ."